ಹಿಟ್ಟು ಬಿಟ್ಟವನ ಬೆಟ್ಟ: ಮಜ್ಜಿಗೆಯೋ, ಎಳನೀರೋ, ಓಆರ್‌ಎಸ್ಸೋ, ಅರ್ಧ ಮುದ್ದೆಯೋ?

ತೂಕ ಇಳಿಸಲೆಂದು ಅನ್ನ, ಮುದ್ದೆ, ಚಪಾತಿ ಬಿಟ್ಟು ಅವತ್ತಿಗೆ ಐದನೇ ದಿನ. ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಹೋದೆ. ಪ್ರತಿ ವಾರ ದಾರಿಯಲ್ಲಿರುವ ನಂದಿ ವಿಗ್ರಹದವರೆಗೆ ಎಲ್ಲೂ ಕೂರದೆ ಹತ್ತುವವನು ನಾನು. ಅವತ್ತು ಇನ್ನೂರು ಮೆಟ್ಟಿಲಿಗೇ ಕಾಲು ಸೋತವು. ಕೂತು ಎದ್ದರೆ ಕಣ್ಣು ಕತ್ತಲೆ. ವಾಪಸ್ ಬಂದೆ.

ನಮ್ಮಮ್ಮ ಮಂಡ್ಯದ ಕಡೆಯವರು. "ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ ಅಂತಾರೆ ಕಣಪ್ಪ. ನೀನು ಹಿಟ್ಟು ಬಿಟ್ಟು ಬೆಟ್ಟಕ್ಕೆ ಹೋದೆ" ಅಂದರು.

ಹಟಕ್ಕೆ ಬಿದ್ದೆ. ವಾರಕ್ಕೊಂದು ಉಪಾಯ ಮಾಡಿ ನೋಡುವುದು, ಭಾನುವಾರ ಎಷ್ಟು ಮೆಟ್ಟಿಲು ಹತ್ತುತ್ತೇನೆ ಅಂತ ಎಣಿಸುವುದು. ದಿನಕ್ಕೆ ಪಿಷ್ಟ (ಕಾರ್ಬ್ಸ್) 50–60 ಗ್ರಾಂ ಮೀರದಂತೆ ಊಟ.

ಸುಸ್ತು ಯಾಕೆ ಅನ್ನುವುದು ತಿಳಿಯದೆ ಮದ್ದು ಹುಡುಕಿದರೆ ಪ್ರಯೋಜನವಿಲ್ಲ. ಲಿವರ್‌ನಲ್ಲಿ, ಸ್ನಾಯುಗಳಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಅನ್ನ ಬಿಟ್ಟ ಕೂಡಲೇ ಈ ದಾಸ್ತಾನು ಕರಗುತ್ತದೆ, ನೀರೂ ಹೋಗುತ್ತದೆ. ಮೊದಲ ವಾರ ನಾನು ಇಳಿಸಿದ ಎರಡು ಕಿಲೋದಲ್ಲಿ ಬಹುಪಾಲು ಇದೇ. ಕೊಬ್ಬು ಅಂದುಕೊಂಡು ಸುಮ್ನೆ ಬೀಗಿದ್ದೆ! ಪಿಷ್ಟ ಕಡಿಮೆಯಾಗಿ ಇನ್ಸುಲಿನ್ ಇಳಿದಾಗ ಕಿಡ್ನಿ ಸೋಡಿಯಂ, ಅಂದರೆ ಉಪ್ಪಿನ ಅಂಶವನ್ನೂ ಹೆಚ್ಚು ಹೊರಗೆ ಬಿಡುತ್ತದೆ. ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ನಮ್ಮ ಊಟದಲ್ಲಿ ಉಪ್ಪು ಬರುವುದೇ ಸಾರು, ಹುಳಿ, ಉಪ್ಪಿನಕಾಯಿಯಲ್ಲಿ. ಅನ್ನ ಹೋದರೆ ಅವೂ ತಟ್ಟೆಯಿಂದ ಹೋಗುತ್ತವೆ, ಅಲ್ವಾ? ಖರ್ಚು ಜಾಸ್ತಿ, ಜಮೆ ಕಡಿಮೆ.

ಮೊದಲ ಸರದಿ ಮಜ್ಜಿಗೆಯದು. ದಿನಕ್ಕೆ ಅರ್ಧ ಲೀಟರ್ ನೀರು ಮಜ್ಜಿಗೆ, ಅದಕ್ಕೆ ಅರ್ಧ ಟೀ ಚಮಚ ಉಪ್ಪು, ಜಜ್ಜಿದ ಶುಂಠಿ, ಕರಿಬೇವು. ಅರ್ಧ ಚಮಚ ಅಂದರೆ ಸುಮಾರು 3 ಗ್ರಾಂ ಉಪ್ಪು. ಎರಡೇ ದಿನಕ್ಕೆ ತಲೆ ತಿರುಗುವುದು ನಿಂತಿತು. ಭಾನುವಾರ ಐನೂರು ಮೆಟ್ಟಿಲು. ಆದರೆ ಕಾಲಲ್ಲಿ ಕಸುವು ಇರಲಿಲ್ಲ.

ಆಮೇಲೆ ಎಳನೀರು. ದಿನಕ್ಕೊಂದು, ನಮ್ಮ ಬೀದಿಯಲ್ಲಿ 60 ರೂಪಾಯಿ. ಮಜ್ಜಿಗೆ ಬಂದ್. ತುಂಬಾ ನಂಬಿದ್ದೆ ಇದನ್ನು. ಬುಧವಾರಕ್ಕೆ ಮತ್ತೆ ಕಣ್ಣು ಕತ್ತಲೆ. ಮುನ್ನೂರಕ್ಕೇ ಕೂತೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ನನಗೆ ಬೇಕಿದ್ದುದು ಎರಡನೆಯದು. ಮೇಲಾಗಿ ಅದರ ಸಕ್ಕರೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ದಿನ ಕಳೆದ ಹಾಗೆ ದೇಹ ತಾನೇ ಒಗ್ಗಿಕೊಳ್ಳುತ್ತದೆ ಅನ್ನುವುದು ನಿಜ. ಆದರೆ ಎಳನೀರು ಕುಡಿದ ವಾರ ಅದರ ಹಿಂದಿನ ಮಜ್ಜಿಗೆ ವಾರಕ್ಕಿಂತ ಕೆಟ್ಟದಾಗಿತ್ತು. ಹಾಗಾಗಿ ಮಜ್ಜಿಗೆಯ ಗುಣ ಬರೀ ನನ್ನ ಭ್ರಮೆಯಲ್ಲ.

ಓಆರ್‌ಎಸ್ ವಿಷಯದಲ್ಲಿ ಮೊದಲು ಬೇಸ್ತು ಬಿದ್ದೆ. ಮೆಡಿಕಲ್ ಶಾಪಿನಿಂದ ತಂದದ್ದು ಹಣ್ಣಿನ ರುಚಿಯ ರೆಡಿಮೇಡ್ ಪ್ಯಾಕ್. ಹಿಂದೆ ಓದಿದರೆ ಸಕ್ಕರೆಯೋ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಇಲ್ಲದ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಹಾಕಬಾರದು ಎಂದು 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆದೇಶಿಸಿತು. ಆ ಸೂತ್ರದ ಪುಡಿ ತಂದು ಕಲಸಿದೆ. ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್, ಸಿಟ್ರೇಟ್. ಕೆಲಸವೇನೋ ಮಾಡಿತು, ಮಜ್ಜಿಗೆಯಷ್ಟೇ. ಆದರೆ ಇದು ಭೇದಿಯಾದವರಿಗೆ ಮಾಡಿದ ಮದ್ದು. ದಿನಾ ಕುಡಿಯಲು ನಾಲಿಗೆ ಒಪ್ಪಲಿಲ್ಲ. ಐನೂರೈವತ್ತು ಮೆಟ್ಟಿಲು.

ನನಗೆ ಬಿಪಿ ಇಲ್ಲ, ಕಿಡ್ನಿ ಸರಿ ಇದೆ. ಅದಕ್ಕೇ ಉಪ್ಪಿನ ಈ ಆಟ. ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಉಪ್ಪಿಗಿಂತ ಕಡಿಮೆ ಇರಲಿ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಬಿಪಿ ಮಾತ್ರೆ ನುಂಗುವವರು ನನ್ನನ್ನು ನೋಡಿ ಉಪ್ಪು ಸುರಿದುಕೊಳ್ಳಬೇಡಿ. ನಮ್ಮ ಭಾವನ ಕಥೆಯೇ ಬೇರೆ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಾ ನನ್ನ ಜೊತೆ ಅನ್ನ ಬಿಟ್ಟರು. ನಾಲ್ಕನೇ ದಿನ ಬೆವರು, ಕೈ ನಡುಕ. ಗ್ಲೂಕೋಮೀಟರ್ 62 ತೋರಿಸಿತು. 70ಕ್ಕಿಂತ ಕೆಳಗೆ ಬಂದರೆ ಬೇಕಿರುವುದು ಸಕ್ಕರೆ, ಮಜ್ಜಿಗೆ ಅಲ್ಲ. ಡಾಕ್ಟರ್ ಮಾತ್ರೆ ಕಡಿಮೆ ಮಾಡಿದರು. ಊಟ ಬದಲಿಸುವ ಮೊದಲೇ ಹೋಗಿ ಕೇಳಬೇಕಿತ್ತು.

ಐದನೇ ವಾರ ಮತ್ತೆ ಮಜ್ಜಿಗೆ ಶುರು ಮಾಡಿದೆ. ಶನಿವಾರ ರಾತ್ರಿ ಮಾತ್ರ ಅದರ ಜೊತೆ ಅರ್ಧ ಮುದ್ದೆ, ಬಸ್ಸಾರು. 50 ಗ್ರಾಂ ರಾಗಿ ಹಿಟ್ಟು, ಅದರಲ್ಲಿ ಪಿಷ್ಟ ಮೂವತ್ತು ಚಿಲ್ಲರೆ ಗ್ರಾಂ. ಉಳಿದದ್ದು ಸೊಪ್ಪು, ಮೊಟ್ಟೆ. ದಿನದ ಲೆಕ್ಕ ಮೀರಲಿಲ್ಲ. ಬೆಳಿಗ್ಗೆ ನಂದಿಯವರೆಗೆ ಒಂದೇ ಉಸಿರಿಗೆ ಅಲ್ಲದಿದ್ದರೂ, ಕೂರದೆ ಹೋದೆ. ಸಮತಟ್ಟು ರಸ್ತೆಯ ನಡಿಗೆಗೆ ಕೊಬ್ಬು ಸಾಕಾಗುತ್ತದೆ. ಕಡಿದಾದ ಮೆಟ್ಟಿಲಿಗೆ ಸ್ನಾಯು ಸಕ್ಕರೆಯನ್ನೇ ಹೆಚ್ಚು ಕೇಳುತ್ತದೆ. ತಲೆ ತಿರುಗಿದ್ದು ಉಪ್ಪಿನ ಕೊರತೆ, ಕಾಲು ಸೋತದ್ದು ಹಿಟ್ಟಿನ ಕೊರತೆ. ಎರಡನ್ನೂ ಸುಸ್ತು ಅಂತ ಒಂದೇ ಹೆಸರಿಂದ ಕರೆದು ನಾಲ್ಕು ವಾರ ಕಳೆದೆ.

ಈಗ ವಾರವಿಡೀ ಮಜ್ಜಿಗೆ, ಶನಿವಾರಕ್ಕೆ ಅರ್ಧ ಮುದ್ದೆ. ಎಳನೀರು ಬಿಸಿಲಿಗೆ, ರುಚಿಗೆ. ಓಆರ್‌ಎಸ್ ಪುಡಿ ಹೊಟ್ಟೆ ಕೆಟ್ಟಾಗ ಆಗುತ್ತದೆ ಅಂತ ಅಲಮಾರಿನಲ್ಲಿದೆ. ಇರುವ ತಕರಾರು ಒಂದೇ. ಅಮ್ಮ ಕಟ್ಟುವ ಅರ್ಧ ಮುದ್ದೆ ವಾರ ವಾರ ದಪ್ಪ ಆಗುತ್ತಿದೆ. ಮುಂದಿನ ಶನಿವಾರ ಅಡುಗೆಮನೆಗೆ ತಕ್ಕಡಿ ತಗೊಂಡು ಹೋಗಬೇಕು.