ಲ್ಯಾಪ್‌ಟಾಪ್‌ನ ಚಾರ್ಜಿಂಗ್ ಲೈಟ್ ಬದಲಿಸಿ ಎರಡು ಮಳೆಗಾಲ: ಕೆಲಸ ಚೊಕ್ಕ, ಬೆಳಕು ಮಾತ್ರ ವಿಪರೀತ

ಲ್ಯಾಪ್‌ಟಾಪ್‌ನಲ್ಲಿ ಚಾರ್ಜರ್ ಪಿನ್ ಪಕ್ಕ ಒಂದು ಪುಟ್ಟ ಲೈಟ್ ಇರುತ್ತದಲ್ಲ, ಅದನ್ನು ಹೊಸದಾಗಿ ಹಾಕಿಸಿಕೊಂಡ ಕಥೆ ಇದು. ಲ್ಯಾಪ್‌ಟಾಪ್‌ನ ವಿಮರ್ಶೆ ಅಲ್ಲ. ಅದರ ಪ್ರೊಸೆಸರ್, ರ‍್ಯಾಮ್ ಕಟ್ಟಿಕೊಂಡು ನಿಮಗೇನೂ ಆಗಬೇಕಾದ್ದಿಲ್ಲ. ಸೆಕೆಂಡ್ ಹ್ಯಾಂಡ್ ಮಾಲು, ಲಗ್ನಪತ್ರಿಕೆ ಡಿಸೈನ್ ಮಾಡಿ ಹೊಟ್ಟೆ ಹೊರೆಯುವ ನನಗೆ ಧಾರಾಳ ಸಾಕು.

ಒಂದು ಲೈಟಿಗೆ ಇಷ್ಟೆಲ್ಲ ಯಾಕೆ ಅಂತ ಪೇಟೆಯವರಿಗೆ ಅನಿಸಬಹುದು. ನಮ್ಮದು ಸಾಗರದ ಕಡೆ ಹಳ್ಳಿ. ಜೂನ್ ಬಂತು ಅಂದರೆ ಎಲ್ಲೋ ಮರ ಬೀಳುತ್ತದೆ, ಲೈನ್ ಹರಿಯುತ್ತದೆ. ಕರೆಂಟ್ ಬಂದರೂ ವೋಲ್ಟೇಜ್ ಇರುವುದಿಲ್ಲ. ಫ್ಯಾನ್ ತೂಕಡಿಸುತ್ತದೆ, ಟ್ಯೂಬ್‌ಲೈಟ್ ಮಿಣಮಿಣ ಅಂದು ಸುಮ್ಮನಾಗುತ್ತದೆ. ಮಿಕ್ಸಿ ಕೇಳಲೇಬೇಡಿ. ಆದರೆ ಲ್ಯಾಪ್‌ಟಾಪ್ ಅಡಾಪ್ಟರ್ ಗಟ್ಟಿ ಜೀವ. ಅದರ ಬೆನ್ನ ಮೇಲೆ 100–240 ವೋಲ್ಟ್ ಅಂತ ಬರೆದಿರುತ್ತದೆ, ನೋಡಿ. ಮನೆಯಲ್ಲಿ ಬೇರೆ ಯಾವುದೂ ಓಡದಿದ್ದಾಗಲೂ ಅದು ತನ್ನ ಪಾಡಿಗೆ ಚಾರ್ಜ್ ಮಾಡುತ್ತಿರುತ್ತದೆ. ಮಾಡುತ್ತಿದೆಯೋ ಇಲ್ಲವೋ ಅಂತ ಗೊತ್ತಾಗುವುದು ಆ ಲೈಟಿನಿಂದ.

ಹಾಗಾಗಿ ಸಂಜೆಯ ನನ್ನ ಕ್ರಮ ಹೀಗಿದೆ. ಕಾಫಿ ಲೋಟ ಕೈಯಲ್ಲಿ ಹಿಡಿದೇ ಲ್ಯಾಪ್‌ಟಾಪ್ ಮುಚ್ಚಿ ಗೋಡೆ ಕಪಾಟಿನಲ್ಲಿ ಇಡುತ್ತೇನೆ. ಚಾರ್ಜರ್ ಚುಚ್ಚಿ, ಪಿನ್ ಒಂಚೂರು ಒತ್ತಿ, ಬಗ್ಗಿ ನೋಡುತ್ತೇನೆ. ಕಿತ್ತಳೆ ಬಣ್ಣ ಬಂದರೆ ಚಾರ್ಜ್ ಆಗುತ್ತಿದೆ. ಬಿಳಿ ಬಂದರೆ ತುಂಬಿದೆ. ಏನೂ ಇಲ್ಲದಿದ್ದರೆ ಸಾಕೆಟ್ ಸಡಿಲ, ಇಲ್ಲವೇ ಕರೆಂಟ್ ಹೋಗಿದೆ. ಮುಚ್ಚಳ ತೆಗೆದು, ಆನ್ ಮಾಡಿ, ಪರ್ಸೆಂಟ್ ನೋಡಿ, ಮತ್ತೆ ಮುಚ್ಚುವ ರಗಳೆಯೇ ಇಲ್ಲ.

ಧೂಳು ತೆಗೆಸಲು ಒಂದು ಕಡೆ ಕೊಟ್ಟಿದ್ದೆ. ಫ್ಯಾನ್ ಕ್ಲೀನಾಗಿ ಬಂತು, ಲೈಟ್ ಬರಲಿಲ್ಲ. ಬಿಚ್ಚುವಾಗ ಸ್ಕ್ರೂಡ್ರೈವರ್ ತಾಗಿ ಬೋರ್ಡಿನಿಂದ ಕಿತ್ತು ಹೋಗಿದೆ. "ಮೊದಲೇ ಹೀಗಿತ್ತು ಸಾರ್" ಅಂದರು. ಸರಿ ಬಿಡಿ. ಕಂಪನಿಯ ಸರ್ವಿಸ್ ಸೆಂಟರಿಗೆ ಹೋದರೆ, ಆ ಲೈಟ್ ಮದರ್‌ಬೋರ್ಡಿನ ಮೇಲೆಯೇ ಇರುವುದರಿಂದ ಬೋರ್ಡನ್ನೇ ಬದಲಿಸಬೇಕು ಅಂದರು. ಹೇಳಿದ ರೇಟು ನಾನು ಲ್ಯಾಪ್‌ಟಾಪಿಗೆ ಕೊಟ್ಟ ದುಡ್ಡಿನ ಅರ್ಧಕ್ಕೂ ಜಾಸ್ತಿ. ಲೈಟ್ ಹೋಯಿತು ಅಂತ ಮನೆಯ ವೈರಿಂಗೆಲ್ಲ ಹೊಸದು ಮಾಡಿಸುತ್ತೀರಾ?

ಕೊನೆಗೆ ಶಿವಮೊಗ್ಗದ ಒಂದು ಚಿಕ್ಕ ಅಂಗಡಿ. ಮುಂದೆ ಮೊಬೈಲ್ ಕವರ್ ನೇತು ಹಾಕಿದ್ದಾರೆ, ಒಳಗೆ ಮೈಕ್ರೋಸ್ಕೋಪ್ ಇದೆ. ಹುಡುಗನಿಗೆ ಇಪ್ಪತ್ತೈದು ವರ್ಷ ಇದ್ದರೆ ಹೆಚ್ಚು. ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿದ. ಆಮೇಲೆ ಚಾರ್ಜರ್ ಮಾತ್ರ ಕೊಟ್ಟು, ಲೈಟ್ ಇದ್ದ ಜಾಗದಲ್ಲಿ ಮಲ್ಟಿಮೀಟರ್ ಇಟ್ಟು ನೋಡಿದ. ವೋಲ್ಟೇಜ್ ಬರುತ್ತಿತ್ತು. "ಬೋರ್ಡ್ ಚೆನ್ನಾಗಿದೆ ಸಾರ್. ಎಲ್‌ಇಡಿ ಒಂದೇ ಇಲ್ಲ" ಅಂದ. ಈ ಒಂದು ನಿಮಿಷದ ಪರೀಕ್ಷೆಯನ್ನು ಸರ್ವಿಸ್ ಸೆಂಟರಿನಲ್ಲಿ ಯಾರೂ ಮಾಡಿರಲಿಲ್ಲ.

ನನಗೂ ಮೈಕ್ರೋಸ್ಕೋಪ್‌ನಲ್ಲಿ ತೋರಿಸಿದ. ಎಲ್‌ಇಡಿ ಅಂದರೆ 1.6 ಮಿಲಿಮೀಟರ್ ಉದ್ದ, 0.8 ಅಗಲ, ಸಾಸಿವೆ ಕಾಳಿನ ಅರ್ಧ ಅನ್ನಿ. ಅಷ್ಟರಲ್ಲೇ ಎರಡು ಬಣ್ಣ, ನಾಲ್ಕು ಕಾಲು. ಕಿತ್ತು ಬರುವಾಗ ಬೋರ್ಡಿನ ಒಂದು ತಾಮ್ರದ ಚುಕ್ಕೆಯನ್ನೂ ಎಬ್ಬಿಸಿಕೊಂಡು ಹೋಗಿತ್ತು. ಅಲ್ಲಿಗೆ ಕೂದಲೆಳೆಯಂಥ ತಂತಿಯಲ್ಲಿ ಜಂಪರ್, ಅಂದರೆ ಕರೆಂಟಿಗೆ ಬದಲಿ ದಾರಿ, ಎಳೆದ. ಅದರ ಮೇಲೆ ಹಸಿರು ಅಂಟು ಸವರಿ ನೇರಳೆ ಟಾರ್ಚ್ ಹಿಡಿದ. ಗಟ್ಟಿಯಾಯಿತು. ಸ್ಕ್ರ್ಯಾಪ್ ಬೋರ್ಡಿನಿಂದ ಬೇರೆ ಎಲ್‌ಇಡಿ ತೆಗೆದು, ಮದರ್‌ಬೋರ್ಡಿಗೆ ಹಾಕುವ 3 ವೋಲ್ಟ್‌ನ ಬಿಲ್ಲೆಯಂಥ ಬಯೋಸ್ ಸೆಲ್ಲಿಗೆ ತಾಗಿಸಿ ಎರಡೂ ಬಣ್ಣ ಉರಿಸಿ ನೋಡಿದ. ಅಕ್ಕಪಕ್ಕದ ಪ್ಲಾಸ್ಟಿಕ್ ಕರಗದಂತೆ ಹಳದಿ ಟೇಪ್ ಸುತ್ತಿದ, ಬೆಸುಗೆ ಚೆನ್ನಾಗಿ ಹಿಡಿಯಲು ಫ್ಲಕ್ಸ್ ಹಚ್ಚಿದ, ಬಿಸಿಗಾಳಿ ಬಿಟ್ಟ. ಬೆಸುಗೆ ಕರಗಿದಾಗ ಆ ಚೂರು ತಾನೇ ಒಂಚೂರು ಜಾರಿ ಸರಿಯಾದ ಜಾಗಕ್ಕೆ ಕೂತಿತು. ನಾನು ಉಸಿರು ಬಿಗಿ ಹಿಡಿದಿದ್ದೆ, ಅವನು ಫೋನಿನಲ್ಲಿ ಮಾತಾಡುತ್ತಿದ್ದ.

ನಾನೂರು ರೂಪಾಯಿ. ಮನೆಗೆ ಬಂದು ಚಾರ್ಜರ್ ಚುಚ್ಚಿದರೆ ಕಿತ್ತಳೆ ಬೆಳಕು. ಅವತ್ತೇ ಕೇಳಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟು ಮೇಲೊಂದು ಕೊಸರು ಹಾಕುತ್ತಿದ್ದೆ.

ತಕರಾರು ಶುರುವಾದದ್ದು ರಾತ್ರಿ. ಬ್ಯಾಟರಿ ತುಂಬಿ ಕಿತ್ತಳೆ ಹೋಗಿ ಬಿಳಿ ಬಂತು ನೋಡಿ, ಕೋಣೆಯಲ್ಲೆಲ್ಲ ಬೆಳದಿಂಗಳು! ಬರೀ ಬಿಳಿಯೂ ಅಲ್ಲ, ನೀಲಿ ಮಿಶ್ರಿತ ಚುಚ್ಚುವ ಬಿಳಿ. ಸೊಳ್ಳೆಪರದೆಯ ನೂಲು ಎಣಿಸಬಹುದಿತ್ತು. ಮಳೆಹುಳಗಳಿಗೆ ಹಬ್ಬ. ಬೆಳಿಗ್ಗೆ ಕಪಾಟಿನ ತುಂಬ ಉದುರಿದ ರೆಕ್ಕೆ. ಬಿಳಿ ಎಲ್‌ಇಡಿಯ ಒಳಗೆ ಇರುವುದು ನೀಲಿ ಬೆಳಕೇ ಅಂತೆ, ಮೇಲೆ ಹಳದಿ ಪುಡಿ ಬಳಿದು ಬಿಳಿ ಕಾಣಿಸುತ್ತಾರೆ. ಆ ನೀಲಿ ಎಲ್‌ಇಡಿಗೆ 2014ರಲ್ಲಿ ಜಪಾನ್ ಮೂಲದ ಮೂವರಿಗೆ ನೊಬೆಲ್ ಬಂದಿದೆ. ಬರಲಿ, ಸಂತೋಷ. ನಮ್ಮ ಮಲಗುವ ಕೋಣೆಗೆ ಬರಬೇಕಾಗಿರಲಿಲ್ಲ.

ಮನೆಯವಳು ಎದ್ದು, ಕನ್ನಡಿಗೆ ಅಂಟಿಸಿದ್ದ ಒಂದು ಸ್ಟಿಕ್ಕರ್ ಬೊಟ್ಟನ್ನು ಕಿತ್ತು ಲೈಟಿನ ಮೇಲೆ ಒತ್ತಿ ಮಲಗಿದಳು. ಅವಳ ಮಟ್ಟಿಗೆ ಸಮಸ್ಯೆ ಮುಗಿಯಿತು. ನನಗೆ ಕಿತ್ತಳೆಯೂ ಇಲ್ಲ, ಬಿಳಿಯೂ ಇಲ್ಲ. ಬೊಟ್ಟು ತೆಗೆದು ನೋಡು, ಮತ್ತೆ ಅಂಟಿಸು. ನಾಲ್ಕೇ ದಿನಕ್ಕೆ ಅಂಟು ಸತ್ತು ಬೊಟ್ಟು ಚಾರ್ಜರ್ ಪಿನ್ನಿಗೆ ಮೆತ್ತಿಕೊಂಡಿತು. ಇದಕ್ಕಾ ನಾನೂರು ರೂಪಾಯಿ ಕೊಟ್ಟಿದ್ದು ಅಂತ ಸಿಟ್ಟೇ ಬಂತು.

ಹಾಗೆ ಒಂದು ಮಳೆಗಾಲ ಕಳೆಯಿತು. ಶಿವಮೊಗ್ಗಕ್ಕೆ ಬೇರೆ ಕೆಲಸಕ್ಕೆ ಹೋದಾಗ ಅಂಗಡಿಗೆ ಹೊಕ್ಕೆ. ಹುಡುಗ ವಾದ ಮಾಡಲಿಲ್ಲ. "ಈ ಎಲ್‌ಇಡಿ ಹೊಸ ತಲೆಮಾರಿನದು ಸಾರ್. ಅಷ್ಟೇ ಕರೆಂಟಿಗೆ ಜಾಸ್ತಿ ಬೆಳಗುತ್ತೆ. ರೆಸಿಸ್ಟರ್ ಬದಲಿಸೋಣ" ಅಂದ. ರೆಸಿಸ್ಟರ್ ಅಂದರೆ ಕರೆಂಟಿಗೆ ಕಡಿವಾಣ ಹಾಕುವ ಚೂರು. ಲೆಕ್ಕ ಹಾಳೆಯ ಮೇಲೆ ಗೀಚಿ ತೋರಿಸಿದ. ಬೋರ್ಡಿನಲ್ಲಿ ಲೈಟಿಗೆ ಬರುವ ಲೈನ್ 5 ವೋಲ್ಟ್. ಬಿಳಿ ಎಲ್‌ಇಡಿ ಸುಮಾರು 3 ತಿನ್ನುತ್ತದೆ. ಉಳಿದ 2 ವೋಲ್ಟ್ 1 ಕಿಲೋ ಓಮ್ ರೆಸಿಸ್ಟರಿನ ಮೇಲೆ ಬಿದ್ದರೆ 2 ಮಿಲಿಆಂಪ್. ಅದನ್ನು ತೆಗೆದು 10 ಕಿಲೋ ಓಮ್ ಹಾಕಿದರೆ 0.2 ಮಿಲಿಆಂಪ್, ಅಂದರೆ ಹತ್ತನೇ ಒಂದು. ಅಷ್ಟರಲ್ಲೂ ಎಲ್‌ಇಡಿ ಉರಿಯುತ್ತದೆ, ಆದರೆ ಮರ್ಯಾದೆಯಿಂದ. ಕಿತ್ತಳೆಗೆ ಬೇರೆಯದೇ ರೆಸಿಸ್ಟರ್ ಇದೆ, ಅದನ್ನು ಮುಟ್ಟಲಿಲ್ಲ. ದುಡ್ಡು ಬೇಡ ಅಂದ. ಒತ್ತಾಯ ಮಾಡಿದ್ದಕ್ಕೆ ಐವತ್ತು ತಗೊಂಡ.

ಎರಡನೇ ಮಳೆಗಾಲ ಹಾಯಾಗಿ ಹೋಯಿತು. ಹುಳಗಳು ಈಗ ಪಕ್ಕದ ಮನೆಯ ಬಲ್ಬಿಗೆ ಹೋಗುತ್ತವೆ. ಜಂಪರ್ ಅಲುಗಾಡಿಲ್ಲ, ಬೆಸುಗೆ ಬಿಟ್ಟಿಲ್ಲ. ಬೈಕಿನ ಪೆಟ್ಟಿಗೆಯಲ್ಲಿ ನಮ್ಮೂರ ರಸ್ತೆ ಸುತ್ತಿ ಬಂದ ಮೇಲೂ. ಒಂದು ಕೊರತೆ ಉಳಿದಿದೆ. ಕಿತ್ತಳೆ ಮೊದಲಿನಷ್ಟು ಗಾಢ ಇಲ್ಲ, ಸ್ವಲ್ಪ ಹಳದಿಗೆ ಹೊರಳಿದೆ. ಹಗಲು ಬಿಸಿಲು ಬಿದ್ದರೆ ಕೈ ಅಡ್ಡ ಹಿಡಿದು ನೋಡಬೇಕು.

ನಾಲ್ಕು ಸ್ಟಾರ್. ಕಡಿದ ಒಂದು ಸ್ಟಾರ್ ಆ ಮೊದಲ ಮಳೆಗಾಲದ ನಿದ್ದೆಗೆ. ನಿಮ್ಮ ಲ್ಯಾಪ್‌ಟಾಪಿನ ಲೈಟ್ ಹೋಗಿದ್ದು, ಚಾರ್ಜ್ ಸರಿಯಾಗಿ ಆಗುತ್ತಿದ್ದರೆ ಬೋರ್ಡ್ ಬದಲಿಸುವ ಮಾತಿಗೆ ಬಗ್ಗಬೇಡಿ. ಎಲ್‌ಇಡಿ ಜಾಗಕ್ಕೆ ವೋಲ್ಟೇಜ್ ಬರುತ್ತಿದೆಯಾ ಅಂತ ಎದುರಿಗೇ ಅಳೆಸಿ. ಹಾಕಿಸಿದ ಮೇಲೆ ಅಂಗಡಿಯ ಟ್ಯೂಬ್‌ಲೈಟ್ ಒಂದು ನಿಮಿಷ ಆರಿಸಲು ಹೇಳಿ, ಎರಡೂ ಬಣ್ಣ ಕತ್ತಲಲ್ಲಿ ನೋಡಿ. ಬ್ಯಾಟರಿ ತುಂಬಲು ಒಂಚೂರೇ ಬಾಕಿ ಇಟ್ಟುಕೊಂಡು ಹೋಗಿ, ಇಲ್ಲದಿದ್ದರೆ ಬಿಳಿ ಲೈಟ್ ಕಾಣುವ ತನಕ ಅಲ್ಲೇ ತುಂಬ ಹೊತ್ತು ಕಾಯಬೇಕಾಗುತ್ತದೆ.