ಟ್ಯೂಬ್ ಬದಲಿಸುವ ಮೊದಲು ಪಂಪಿನ ಲೆಕ್ಕ ಕೇಳಿದ ಭೋಸರಿ ವರ್ಕ್‌ಶಾಪ್

ನಾನು ಧಾರವಾಡದವನು. ಪುಣೆ ಹತ್ತಿರದ ಚಾಕಣದ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಹೀಟ್ ಎಕ್ಸ್‌ಚೇಂಜರ್, ಅಂದರೆ ಟ್ಯೂಬಿನ ಒಳಗಿನ ಮತ್ತು ಹೊರಗಿನ ಹರಿವಿನ ನಡುವೆ ಶಾಖ ದಾಟಿಸುವ ಯಂತ್ರ, ಎರಡು ವರ್ಷದಲ್ಲಿ ಮೂರು ಸಲ ಸೋರಿತು. ಮೊದಲಿದ್ದ ರಿಪೇರಿಯವರು ಪ್ರತಿ ಸಲ ಸೋರುವ ಟ್ಯೂಬಿಗೆ ಪ್ಲಗ್ ಹೊಡೆದು, ಬಿಲ್ ಕೊಟ್ಟು ಹೋದರು. ಯಾಕೆ ಸೋರಿತು ಅಂತ ಯಾರೂ ಕೇಳಲಿಲ್ಲ.

ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಈ ವರ್ಕ್‌ಶಾಪಿನವರು ಟ್ಯೂಬುಗಳ ಬಂಡಲ್ ಹೊರಗೆಳೆದ ದಿನವೇ ಫೋನ್ ಮಾಡಿ ಕರೆದರು. ಅಲ್ಲಿನ ಮಿಸ್ತ್ರಿ ವಿಜಯಪುರ ಕಡೆಯವರು. ಒಂದು ಟ್ಯೂಬ್ ನನ್ನ ಕೈಗಿಟ್ಟು, "ಉಗುರು ಆಡಿಸಿ ನೋಡ್ರಿ ಸರ" ಅಂದರು. ಬ್ಯಾಫಲ್ ತಟ್ಟೆ (ಟ್ಯೂಬುಗಳು ತೂರಿ ಹೋಗುವ, ಅವಕ್ಕೆ ಆಧಾರ ಕೊಡುವ ತೂತಿನ ತಟ್ಟೆ) ಇದ್ದ ಜಾಗದಲ್ಲಿ ಸುತ್ತಲೂ ಹೊಳೆಯುವ ಗೀರು. ವರ್ಷಗಟ್ಟಲೆ ಹಾಕಿದ ಉಂಗುರ ತೆಗೆದಾಗ ಬೆರಳಲ್ಲಿ ಉಳಿಯುವ ಗುರುತಿನ ಹಾಗೆ. ಉಗುರು ಅದರಲ್ಲಿ ಸಿಕ್ಕಿಕೊಂಡಿತು. "ಇದು ತುಕ್ಕಲ್ರಿ, ತಿಕ್ಕಾಟ. ಪಂಪ್ ಏನರ ಬದಲಿ ಮಾಡೀರೇನು?"

ಮಾಡಿದ್ದೆವು! ಶೆಲ್ ಬದಿಗೆ, ಅಂದರೆ ಟ್ಯೂಬುಗಳ ಹೊರಗೆ ಹರಿಯುವ ನೀರಿಗೆ, ದೊಡ್ಡ ಪಂಪ್ ಹಾಕಿದ ಮೇಲೇ ಗುಂಯ್ ಅನ್ನುವ ಸದ್ದು ಶುರುವಾಗಿದ್ದು. ಹರಿವಿನ ವೇಗ ಒಂದು ಮಿತಿ ದಾಟಿದರೆ ಟ್ಯೂಬಿನ ನಡುಕ ಒಮ್ಮೆಲೇ ಏರುತ್ತದೆ. ಆ ಮಿತಿಯನ್ನು ಮೇಲಕ್ಕೆತ್ತುವುದು ಎರಡು: ಟ್ಯೂಬ್ ಸುಲಭಕ್ಕೆ ಬಾಗದ ಬಿಗಿ, ಮತ್ತೆ ಡ್ಯಾಂಪಿಂಗ್, ಅಂದರೆ ನಡುಕವನ್ನು ನುಂಗುವ ಗುಣ. ತಟ್ಟೆಯ ತೂತಿಗೂ ಟ್ಯೂಬಿಗೂ ನಡುವೆ ನಿಲ್ಲುವ ತೆಳು ನೀರಿನ ಪದರವೂ ನಡುಕ ನುಂಗುತ್ತದೆ. ನಮ್ಮ ತೂತುಗಳು ತೇದು ಅಗಲವಾಗಿದ್ದವು, ಹಾಗಾಗಿ ಆ ಪದರ ತೆಳುವಾಗಿ ಉಳಿದಿರಲಿಲ್ಲ.

ನಮ್ಮ ತಟ್ಟೆಗಳ ಅಂತರ 600 ಮಿ.ಮೀ. ನೀರು ದಾಟಲಿ ಅಂತ ಪ್ರತಿ ತಟ್ಟೆಯ ಒಂದು ಬದಿ ಕತ್ತರಿಸಿರುತ್ತಾರೆ; ಆ ಬದಿಯ ಟ್ಯೂಬುಗಳಿಗೆ ಒಂದು ಬಿಟ್ಟು ಒಂದು ತಟ್ಟೆಯಷ್ಟೇ ಆಧಾರ, ಅಂದರೆ 1200. ಸೋರಿದ್ದೆಲ್ಲ ಅವೇ. ಮುಕ್ಕಾಲು ಇಂಚಿನ ಉಕ್ಕಿನ ಟ್ಯೂಬಿಗೆ ಟೆಮಾ (ಹೀಟ್ ಎಕ್ಸ್‌ಚೇಂಜರ್ ತಯಾರಕರ ಸಂಘದ ಮಾನದಂಡ) ಆಧಾರವಿಲ್ಲದ ಉದ್ದ 1524 ಮಿ.ಮೀ. ವರೆಗೆ ಬಿಡುತ್ತದಲ್ವಾ, ಅಂತ ನಾನು ವಾದಿಸಿದೆ. ಅಷ್ಟರಿಂದ ಕಂಪನದ ಭಯ ತಪ್ಪುವುದಿಲ್ಲ, ಅದರ ಲೆಕ್ಕ ಬೇರೆಯೇ ಹಾಕಬೇಕು ಅಂತ ಮಾಲೀಕರು ಕೂತು ತೋರಿಸಿದರು. ಅಂತರ ಅರ್ಧವಾದರೆ ಟ್ಯೂಬಿನ ಸಹಜ ಕಂಪನಾಂಕ, ಅಂದರೆ ಅದು ತಾನಾಗಿ ಸೆಕೆಂಡಿಗೆ ಎಷ್ಟು ಸಲ ಆಡುತ್ತದೆ ಅನ್ನುವ ಲೆಕ್ಕ, ನಾಲ್ಕು ಪಟ್ಟು; ಅದರ ಜೊತೆ ವೇಗದ ಆ ಮಿತಿಯೂ ಏರುತ್ತದೆ. ನೀರಿನ ವೇಗವೂ ಎರಡು ಪಟ್ಟಾಗುತ್ತದೆ, ಆದರೂ ಲಾಭ ನಮ್ಮ ಕಡೆಗೇ. ಒತ್ತಡ ಜಾಸ್ತಿ ಬೇಕು, ನಿಮ್ಮ ಪಂಪ್ ತಡೆಯುತ್ತಾ ನೋಡಿ ಹೇಳಿ ಅಂತ ಮೊದಲೇ ಎಚ್ಚರಿಸಿದ್ದು ನನಗೆ ತುಂಬ ಹಿಡಿಸಿತು.

300 ಮಿ.ಮೀ. ಅಂತರದಲ್ಲಿ ಹೊಸ ತಟ್ಟೆ ಹಾಕಿದರು. ತೂತು ಟ್ಯೂಬಿಗಿಂತ 0.4 ಮಿ.ಮೀ. ಅಷ್ಟೇ ದೊಡ್ಡದು. ಅಂಚಿನ ಚೂಪನ್ನು ಒಂದೊಂದಾಗಿ ಕೈಯಲ್ಲೇ ತೆಗೆದರು. ಕೆಲಸ ಅಂದರೆ ಇದು.

ದೂರು ಇಲ್ಲ ಅಂತಲ್ಲ. ಹೇಳಿದ ದಿನಕ್ಕಿಂತ ಒಂಬತ್ತು ದಿನ ತಡ. ಲೆಕ್ಕದ ಹಾಳೆ ಮೂರು ಸಲ ಕೇಳಿದ ಮೇಲೆ ಬಂತು. ರೇಟೂ ಸ್ವಲ್ಪ ಜಾಸ್ತಿಯೇ. ಐದರಲ್ಲಿ ನಾಲ್ಕು ಸ್ಟಾರ್.

ಹದಿನಾಲ್ಕು ತಿಂಗಳಾಯಿತು. ಸದ್ದಿಲ್ಲ, ಸೋರಿಲ್ಲ. ಹೋಗುವವರು ಹಳೆ ಡ್ರಾಯಿಂಗ್, ಈಗಿನ ಹರಿವಿನ ಅಂಕಿ ಎರಡನ್ನೂ ಒಯ್ಯಿರಿ. ಗುರುವಾರ ರಜೆ.