ಕೆದಕಬೇಡಿ ಎಂದು ಹೇಳಿ ಮಾರುವ ಮಣ್ಣನ್ನು ಮೊದಲು ಕೆದಕಿ ನೋಡಿ

‘ಜೀವಂತ ಮಣ್ಣು’ ಎಂದು ಚೀಲ ಕಟ್ಟಿ ಮಾರುವವರಿಗೆ ಹಣ ಕೊಡುವ ಮುನ್ನ ದಯವಿಟ್ಟು ಇದನ್ನು ಓದಿ. ನಾನು ನಾಲ್ಕು ತಿಂಗಳು ಮೋಸಹೋದೆ. ಹಣ ಹೋದದ್ದಕ್ಕಿಂತ, ಮೋಸ ಕಣ್ಣೆದುರೇ ಬಿದ್ದಿದ್ದರೂ ಅವರ ಮಾತನ್ನೇ ನಂಬಿ ಕುಳಿತೆನಲ್ಲ ಎಂಬ ನಾಚಿಕೆ ದೊಡ್ಡದು.

ಜೀವಂತ ಮಣ್ಣೆಂದರೆ ಎರೆಹುಳು, ಶಿಲೀಂಧ್ರಗಳಂತಹ ಜೀವಿಗಳೇ ಗಿಡಕ್ಕೆ ಆಹಾರ ಒದಗಿಸುವ ಮಣ್ಣು. ಮನೆಯೊಳಗೆ ಅದರಲ್ಲಿ ಗಿಡ ಬೆಳೆಸುವವರಿಗೆ ಕ್ರಮ ಗೊತ್ತೇ ಇದೆ. ದೊಡ್ಡ ಕುಂಡ, ಚೆನ್ನಾಗಿ ಕಳಿತ ಗೊಬ್ಬರ, ತೆಂಗಿನ ನಾರಿನ ಪುಡಿ, ಗಾಳಿಯಾಡಲು ಪರ್ಲೈಟ್ ಎಂಬ ಹಗುರವಾದ ಬಿಳಿ ಕಲ್ಲಿನ ಹರಳು, ಮೇಲೆ ಒಣ ಎಲೆಗಳ ಹೊದಿಕೆ, ಒಳಗೆ ಎರೆಹುಳು. ಒಮ್ಮೆ ತುಂಬಿದ ಮೇಲೆ ಅಗೆಯುವುದಿಲ್ಲ, ತಿರುವಿ ಹಾಕುವುದಿಲ್ಲ. ಗಿಡ ಮುಗಿದರೆ ಬುಡದಲ್ಲಿ ಕತ್ತರಿಸಿ ಬೇರನ್ನು ಅಲ್ಲೇ ಕೊಳೆಯಲು ಬಿಡುತ್ತೇವೆ. ಬೇರಿಗೆ ಹೆಣೆದುಕೊಂಡ ಶಿಲೀಂಧ್ರದ ಎಳೆಗಳು ಕಡಿದುಹೋಗಬಾರದು, ಅಷ್ಟೇ. ಈ ನಿಯಮವನ್ನು ನಾನು ಇಂದಿಗೂ ನಂಬುತ್ತೇನೆ. ಅವರು ತಮ್ಮ ಕಳ್ಳತನ ಮುಚ್ಚಿಟ್ಟದ್ದು ಇದೇ ನಿಯಮದ ಅಡಿಯಲ್ಲಿ!

ಚೀಲದ ಮೇಲೆ ‘ರಾಸಾಯನಿಕ ಇಲ್ಲ, ನೀರು ಮಾತ್ರ ಸಾಕು’ ಎಂದು ಅಚ್ಚಾಗಿತ್ತು. ಕುಂಡ ತುಂಬಿ, ಪುದೀನ ನೆಟ್ಟು, ಎರೆಹುಳು ಬಿಟ್ಟೆ. ಮರುದಿನ ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಹುಳುಗಳು ಕುಂಡದಿಂದ ಹೊರಬಿದ್ದು ನೆಲದ ಮೇಲೆ ಒಣಗಿ ಸತ್ತಿದ್ದವು. ಇಷ್ಟೊಂದು ಹುಳು ಮಣ್ಣು ಬಿಟ್ಟು ಓಡುತ್ತವೆ ಎಂದರೆ ಆ ಮಣ್ಣಿನಲ್ಲಿ ಏನೋ ಸರಿಯಿಲ್ಲದಿರುವ ಸಾಧ್ಯತೆಯೇ ಹೆಚ್ಚು. ನನಗೆ ಅದು ಹೊಳೆಯಬೇಕಿತ್ತು. ಮಾರಿದವರಿಗೆ ಸಂದೇಶ ಕಳುಹಿಸಿದೆ. ಉತ್ತರ: “ಹೊಸ ಜಾಗ ಮೇಡಂ, ಹೊಂದಿಕೊಳ್ಳುತ್ತವೆ. ಮಣ್ಣನ್ನು ಮಾತ್ರ ಕೆದಕಬೇಡಿ.”

ಪುದೀನ ಭರದಿಂದ ಬೆಳೆಯಿತು. ಅಕ್ಕನಿಗೂ ಕಟ್ಟು ಕಟ್ಟಿ ಕೊಟ್ಟೆ, ಒಂದು ಹನಿ ರಾಸಾಯನಿಕ ಸೋಕಿಲ್ಲ ಎಂದು ಹೇಳಿ ಕೊಟ್ಟೆ. ಆಮೇಲೆ ಎಲೆಗಳ ತುದಿ ಕಂದಾಗಿ ಸುಡತೊಡಗಿತು, ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟಿತು. ಕೇಳಿದರೆ, “ಅದು ಶಿಲೀಂಧ್ರ ಮೇಡಂ, ಮಣ್ಣಿಗೆ ಜೀವ ಬಂದಿದೆ, ಸಂತೋಷಪಡಿ.” ಶಿಲೀಂಧ್ರ ಹತ್ತಿಯ ಎಳೆಯಂತೆ ಮೆತ್ತಗಿರುತ್ತದೆ. ಇದು ಒರಟಾಗಿತ್ತು, ಒದ್ದೆ ಬೆರಳು ತಾಗಿಸಿದರೆ ಕರಗುತ್ತಿತ್ತು. ಉಪ್ಪು! ಆದರೂ ನಂಬಿದೆ.

ಹೊದಿಕೆ ಸರಿಸಿದಾಗ ಒಂದು ದಿನ ಸಾಸಿವೆಗಿಂತ ದಪ್ಪನೆಯ ಹಳದಿ ಗುಂಡುಗಳು ಕಂಡವು. ಚಿತ್ರ ತೆಗೆದು ಕಳುಹಿಸಿದೆ. “ಎರೆಹುಳುವಿನ ಮೊಟ್ಟೆ ಮೇಡಂ. ಮರಿ ಬರುತ್ತವೆ, ಕಾಯಿರಿ. ಕೆದಕಬೇಡಿ.” ನಾನು ಕಾದೆ. ಐದು ವಾರ, ಮಣ್ಣು ಒಣಗದಂತೆ ನೀರು ಚಿಮುಕಿಸುತ್ತಾ, ಮರಿ ಬಂದವೇ ಎಂದು ದಿನವೂ ಬಗ್ಗಿ ನೋಡುತ್ತಾ ಕಾದೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ.

ಕೊನೆಗೆ ಒಂದನ್ನು ತಟ್ಟೆಯಲ್ಲಿಟ್ಟು ಉಗುರಿನಿಂದ ಒತ್ತಿದೆ. ಸಿಪ್ಪೆ ಒಡೆದು ನೀರು ಬಂತು. ಆ ನೀರು ಒಣಗಿ ಬಿಳಿ ಹರಳಾಯಿತು. ನಿಧಾನವಾಗಿ ಕರಗಲೆಂದು ಪ್ಲಾಸ್ಟಿಕ್‌ನಂತಹ ಪದರ ಹೊದಿಸಿದ ರಸಗೊಬ್ಬರದ ಗುಂಡು ಅದು. ಎರೆಹುಳುವಿನ ಮೊಟ್ಟೆಗೂಡು ನಿಂಬೆಯ ಆಕಾರದಲ್ಲಿ ತುದಿ ಚೂಪಾಗಿರುತ್ತದೆ, ಮರಿ ಹೊರಬರುವ ಹೊತ್ತಿಗೆ ಕೆಂಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ. ಇವು ಉರುಟಾಗಿದ್ದವು, ಮೊದಲ ದಿನದಿಂದ ಕೊನೆಯವರೆಗೂ ಹಳದಿಯಾಗಿಯೇ ಇದ್ದವು. ಆಗ ಇಡೀ ಕುಂಡವನ್ನು ಹಾಳೆಯ ಮೇಲೆ ಸುರಿದೆ. ನಾಲ್ಕು ತಿಂಗಳು ಬೆರಳು ತಾಗಿಸದ ಮಣ್ಣು. ತೆಂಗಿನ ನಾರಿನ ಪುಡಿ, ಹಿಡಿಯಷ್ಟು ಕರಿ ಮಣ್ಣು, ಎಲ್ಲೆಲ್ಲೂ ಹಳದಿ ಗುಂಡುಗಳು ಮತ್ತು ಕರಗಿ ಉಳಿದ ಖಾಲಿ ಸಿಪ್ಪೆಗಳು. ಒಂದೇ ಒಂದು ಹುಳು ಇರಲಿಲ್ಲ. ಪುದೀನವನ್ನು ಬೆಳೆಸಿದ್ದು ಈ ಗುಂಡುಗಳು. ರಸಗೊಬ್ಬರದಿಂದ ಬರುವ ಕರಗುವ ರಂಜಕ (ಫಾಸ್ಫರಸ್) ಹೆಚ್ಚಾದರೆ ಬೇರು ಶಿಲೀಂಧ್ರದ ಜೊತೆ ಸೇರುವುದೇ ಕಡಿಮೆಯಾಗುತ್ತದೆ. ಹಾಗಿರುವಾಗ ನಾನು ಕಾಪಾಡುತ್ತಿದ್ದುದಾದರೂ ಏನನ್ನು?

ಚಿತ್ರಗಳನ್ನೆಲ್ಲ ಕಳುಹಿಸಿ ಹಣ ವಾಪಸ್ ಕೇಳಿದೆ. ಬಂದ ಉತ್ತರವನ್ನು ಹಾಗೆಯೇ ಬರೆಯುತ್ತೇನೆ: “ಕೆದಕಬೇಡಿ ಎಂದು ಮೊದಲೇ ಹೇಳಿದ್ದೆವು ಮೇಡಂ. ಕೆದಕಿದ ಮಣ್ಣಿಗೆ ನಾವು ಹೊಣೆಯಲ್ಲ.” ಎರಡು ಬಾರಿ ಓದಿದೆ. ಮತ್ತೆ ಬರೆದೆ, ಕರೆ ಮಾಡಿದೆ. ನನ್ನ ಸಂಖ್ಯೆಯನ್ನೇ ತಡೆಹಿಡಿದಿದ್ದಾರೆ.

ಕೊಳ್ಳಲೇಬೇಕಾದರೆ ಕುಂಡಕ್ಕೆ ತುಂಬುವ ಮೊದಲೇ, ಕೆದಕಲು ಅವಕಾಶವಿರುವಾಗಲೇ, ಒಂದು ಬೊಗಸೆ ಮಣ್ಣನ್ನು ಬಿಳಿ ಕಾಗದದ ಮೇಲೆ ಹರಡಿ. ಗುಂಡು ಕಂಡರೆ ಒತ್ತಿ ನೋಡಿ. ಮೂಸಿ ನೋಡಿ: ಮಳೆ ಬಿದ್ದ ನೆಲದ ವಾಸನೆ ಬರಬೇಕು, ಅಮೋನಿಯದ ಘಾಟು ಬಂದರೆ ಗೊಬ್ಬರ ಇನ್ನೂ ಹಸಿ. ಒಂದು ಡಬ್ಬಿಯಲ್ಲಿ ಆ ಮಣ್ಣು ಹಾಕಿ, ಒದ್ದೆ ಮಾಡಿ, ಎರಡೇ ಹುಳು ಬಿಟ್ಟು ರಾತ್ರಿ ಕಳೆಯಲಿ, ಬೆಳಿಗ್ಗೆ ಅವು ಮಣ್ಣು ಬಿಟ್ಟು ಹೊರಬಂದಿವೆಯೇ ನೋಡಿ. ಒಳಗೆ ಏನೇನು ಬೆರೆಸಿದ್ದೀರಿ ಎಂದು ಕೇಳಿದಾಗ “ಅದು ನಮ್ಮ ಗುಟ್ಟು” ಎನ್ನುವವರಿಂದ ಕೊಳ್ಳಲೇಬೇಡಿ. ನನಗೂ ಹಾಗೆಯೇ ಹೇಳಿದ್ದರು.

ಅಕ್ಕನಿಗೆ ನಿನ್ನೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ನಾನು ಕೊಟ್ಟ ಪುದೀನದ ಕಡ್ಡಿಗಳನ್ನು ಅವಳೂ ನೆಟ್ಟಿದ್ದಾಳಂತೆ, ನನ್ನ ಮಾತು ಕೇಳಿ ತರಿಸಿದ ಅದೇ ಮಣ್ಣಿನಲ್ಲಿ.